ಪುಸ್ತಕಕ್ಕೆ ಸೇರದ ರುಚಿ

ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದ ಹೆಂಗಸನ್ನು ಎಲ್ಲರೂ ಅಡುಗೆಯಕ್ಕ ಎಂದೇ ಕರೆಯುತ್ತಿದ್ದರು. ದಿನಕ್ಕೆ ಎರಡು ಪಾಳಿ, ಪಾಳಿಗೆ ನಾನೂರು ತಟ್ಟೆ. ಅಗಲವಾದ ಮೈ, ಗಟ್ಟಿ ತೋಳು, ನಡೆದು ಬಂದರೆ ಕಲ್ಲುಹಾಸಿನ ಮೇಲಿನ ಡಬರಿಗಳು ಸಣ್ಣಗೆ ಅದುರುತ್ತಿದ್ದವು. ಆ ಮೈಯ ಬಗ್ಗೆ ಅವಳಿಗೆ ನಾಚಿಕೆಯೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಡಾಕ್ಟರರೊಬ್ಬರು ಅದನ್ನು ತೂಕಕ್ಕೆ ಹಾಕುವವರೆಗೆ ಅದು ಎಷ್ಟಿದೆ ಎಂದು ಅವಳು ಕೇಳಿಕೊಂಡವಳೇ ಅಲ್ಲ.

ಅವಳ ತಮ್ಮ ಬೀಗ ರಿಪೇರಿ ಮಾಡುವವನು. ಅವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಆಸ್ಪತ್ರೆಯ ಕುರ್ಚಿಯಲ್ಲಿ ನಾಲ್ಕು ನಾಲ್ಕು ಗಂಟೆ ಕೂತು ರಕ್ತ ತೊಳೆಸಿಕೊಂಡು ಬರುತ್ತಿದ್ದ. ಅವನ ಹೆಂಡತಿಯ ರಕ್ತ ಹೊಂದಲಿಲ್ಲ, ಅಕ್ಕನದು ಹೊಂದಿತು. ಅಡ್ಡ ನಿಂತದ್ದು ಒಂದೇ. ಅಡುಗೆಯಕ್ಕ ತೊಂಬತ್ತನಾಲ್ಕು ಕಿಲೋ ಇದ್ದಳು. ಎಂಬತ್ತಕ್ಕೆ ಇಳಿದರೆ ಮಾತ್ರ ಅವಳ ಕಿಡ್ನಿ ತೆಗೆಯುವುದಾಗಿ ಡಾಕ್ಟರರು ಹೇಳಿದರು. ಆರು ತಿಂಗಳು ಸಾಕಾಗಬಹುದು, ಅಷ್ಟರವರೆಗೆ ತಮ್ಮನ ಮೈ ತಡೆದೀತು ಎಂದೂ ಹೇಳಿದರು.

ಆಸ್ಪತ್ರೆಯಲ್ಲಿ ಪಥ್ಯ ಬರೆದುಕೊಡುವ ಹುಡುಗಿಯೊಬ್ಬಳಿದ್ದಳು. ಓದಿದವಳು, ಮಾತು ಕಡಿಮೆ. ದಿನಕ್ಕೆ ಸಾವಿರದ ಮುನ್ನೂರು ಕ್ಯಾಲೊರಿ, ಅದಕ್ಕಿಂತ ಒಂದು ಚೂರೂ ಹೆಚ್ಚಲ್ಲ ಎಂದಳು. ಬಾಯಿಗೆ ಹೋದದ್ದನ್ನೆಲ್ಲ ತೂಗಿ ಬರೆಯಬೇಕು. ಅಡುಗೆಯಕ್ಕ ಒಂದು ಪುಟ್ಟ ತಕ್ಕಡಿ ಮತ್ತು ಗೆರೆ ಹಾಕಿದ ಪುಸ್ತಕ ಕೊಂಡಳು. ನಾನೂರು ಜನಕ್ಕೆ ಕಣ್ಣಳತೆಯಲ್ಲಿ ಉಪ್ಪು ಹಾಕುತ್ತಿದ್ದವಳು ಈಗ ಎರಡು ಚೂರು ಬ್ರೆಡ್ಡು, ಒಂದು ಬೇಯಿಸಿದ ಆಲೂಗಡ್ಡೆ, ಅರ್ಧ ಲೋಟ ಕೆನೆ ತೆಗೆದ ಹಾಲು ಎಂದು ತೂಗಿ ತೂಗಿ ತಿನ್ನತೊಡಗಿದಳು. ಕೆಲಸ ಮುಗಿದ ಮೇಲೆ ಉಗ್ರಾಣದಲ್ಲಿ ಅಕ್ಕಿ ಮೂಟೆಯ ಮೇಲೆ ಕೂತು, ಬಾಗಿಲು ಮುಂದೆ ಮಾಡಿಕೊಂಡು ತಿನ್ನುತ್ತಿದ್ದಳು. ಹತ್ತು ತುತ್ತಿಗೆ ಮುಗಿದುಹೋಗುವ ಊಟಕ್ಕೆ ಸಾಕ್ಷಿ ಬೇಡವೆನಿಸಿತ್ತು.

ಹಸಿವು ಎಂದರೇನು ಎಂಬುದು ಅವಳಿಗೆ ಆಗ ತಿಳಿಯಿತು. ಬೆಳಿಗ್ಗೆ ಹತ್ತಕ್ಕೆ ಹೊಟ್ಟೆ ತಾಳ ಹಾಕುತ್ತಿತ್ತು, ಹನ್ನೆರಡಕ್ಕೆ ಕರುಳು ಹಿಂಡುತ್ತಿತ್ತು, ಮೂರರ ಹೊತ್ತಿಗೆ ಅದೂ ನಿಂತು ಕೈ ನಡುಗುವುದೊಂದೇ ಉಳಿಯುತ್ತಿತ್ತು. ಬಿಸಿನೀರು ಕುಡಿದಳು, ಲವಂಗ ಕಚ್ಚಿದಳು, ಸೀರೆಯ ಸೊಂಟವನ್ನು ಬಿಗಿ ಮಾಡಿ ಕಟ್ಟಿದಳು. ಬಾಣಲೆಯಲ್ಲಿ ಈರುಳ್ಳಿ ಬಣ್ಣ ತಿರುಗುವಾಗ ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದಳು. ಕದ್ದು ತಿನ್ನಲಿಲ್ಲ. ಒಂದು ದಿನವೂ ತಿನ್ನಲಿಲ್ಲ. ಈ ಮಾತು ಮುಂದಿನದಕ್ಕೆ ಮುಖ್ಯ.

ತಮ್ಮನಿಗೆ ಇದೆಲ್ಲ ತಮಾಷೆ. "ಜೀವಮಾನವಿಡೀ ಬೀಗ ತೆಗೆದವನು ನಾನು. ಕೊನೆಗೆ ನನ್ನಿಂದ ನಿನ್ನ ಬಾಯಿಗೇ ಬೀಗ ಬಿತ್ತಲ್ಲಕ್ಕ," ಎನ್ನುತ್ತಿದ್ದ.

"ಬಾಯಿಗೆ ಬಿದ್ದರೆ ಸಾಕಿತ್ತು. ಹೊಟ್ಟೆಗೆ ಬೀಗ ಮಾಡೋಕೆ ಬರುತ್ತೇನೋ ನಿನಗೆ?" ಎಂದು ಅವಳೂ ಅನ್ನುತ್ತಿದ್ದಳು.

ಮೊದಲ ತಿಂಗಳು ಮೂರು ಕಿಲೋ ಇಳಿಯಿತು. ಎರಡನೆಯ ತಿಂಗಳು ಒಂದೇ ಒಂದು. ಮೂರನೆಯ ತಿಂಗಳು ಆಸ್ಪತ್ರೆಯ ತಕ್ಕಡಿಯ ಮುಳ್ಳು ಜಪ್ಪಯ್ಯ ಎಂದರೂ ಅಲುಗಲಿಲ್ಲ. ನಾಲ್ಕು, ಐದು ಕಳೆದರೂ ತೊಂಬತ್ತರ ಆಸುಪಾಸಿನಲ್ಲೇ ಕೂತಿತು. ಪಥ್ಯದ ಹುಡುಗಿ ಪುಸ್ತಕವನ್ನು ಹಿಂದೆ ಮುಂದೆ ತಿರುವಿದಳು. ಇಷ್ಟೇ ತಿಂದ ಮೈ ಇಳಿಯದೆ ಇರುವುದಿಲ್ಲ, ನೀವು ಬರೆಯುತ್ತಿರುವುದು ನಿಜವೇ ಎಂದು ನೇರವಾಗಿ ಕೇಳಿದಳು. ಅಡುಗೆಯಕ್ಕನಿಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. ಇಪ್ಪತ್ತಾರು ವರ್ಷದಲ್ಲಿ ಉಗ್ರಾಣದಿಂದ ಒಂದು ಹಿಡಿ ಬೇಳೆ ಮನೆಗೆ ಒಯ್ದವಳಲ್ಲ ಅವಳು. ಆ ವಾರ ಬ್ರೆಡ್ಡಿನಲ್ಲೂ ಒಂದು ಚೂರು ಬಿಟ್ಟಳು. ತಮ್ಮನ ಹೆಂಡತಿ ಏನೂ ಆಡಲಿಲ್ಲ. ಆದರೆ ಮನೆಗೆ ಹೋದಾಗಲೆಲ್ಲ ಅವಳ ಕಣ್ಣು ಅಕ್ಕನ ಸೊಂಟದ ಮೇಲೆ ಒಂದು ಗಳಿಗೆ ನಿಂತು ಹೋಗುತ್ತಿತ್ತು. ಬೈದಿದ್ದರೇ ವಾಸಿಯಾಗಿತ್ತು.

ಆರನೆಯ ತಿಂಗಳ ಮೊದಲಿಗೆ ಕುದಿಯುವ ತರಕಾರಿ ರಸ ಬಾಯಿಗೆ ತಗುಲಿ ಅವಳ ನಾಲಿಗೆ ಸುಟ್ಟಿತು. ತಲೆ ಸುತ್ತುತ್ತಿತ್ತು, ಆರಿಸಿಕೊಳ್ಳುವುದನ್ನು ಮರೆತಿದ್ದಳು. ನಾಲಿಗೆ ಬೊಬ್ಬೆ ಎದ್ದು ಹತ್ತು ದಿನ ಉಪ್ಪು ಖಾರ ಮುಟ್ಟಲಾಗಲಿಲ್ಲ. ರುಚಿ ನೋಡುವ ಕೆಲಸ ತರಕಾರಿ ಹೆಚ್ಚುವ ಹೆಂಗಸಿನ ಪಾಲಿಗೆ ಬಂತು. ನನ್ನ ನಾಲಿಗೆ ನಂಬಿದರೆ ಗಿರಣಿ ಮುಚ್ಚುತ್ತೆ ಎಂದು ಆ ಹೆಂಗಸು ಮೊದಲೇ ಹೇಳಿದ್ದಳು. ಗಿರಣಿ ಮುಚ್ಚಲಿಲ್ಲ, ಆದರೆ ಹತ್ತು ದಿನವೂ ಉಪ್ಪು ಹೆಚ್ಚಾಯಿತೆಂದು ನೇಕಾರರು ಸಿಡುಕಿದರು. ಅಡುಗೆಯಕ್ಕನಿಗೆ ಆ ದಿನಗಳಲ್ಲಿ ಹಸಿವು ಇನ್ನೂ ಕ್ರೂರವಾಗಿತ್ತು. ನಾಲಿಗೆಯ ನೋವಿಗೆ ಹಾಗಾಗುತ್ತಿದೆ ಎಂದುಕೊಂಡಳು.

ಹನ್ನೊಂದನೆಯ ದಿನ ಆಸ್ಪತ್ರೆಯ ತಕ್ಕಡಿ ಎರಡು ಕಿಲೋ ಕಡಿಮೆ ತೋರಿಸಿತು.

ಏನು ಬದಲಾಯಿಸಿದಿರಿ ಎಂದು ಹುಡುಗಿ ಕೇಳಿದಳು. ಏನೂ ಇಲ್ಲ, ಪುಸ್ತಕ ನೋಡಿ ಎಂದಳು ಅಡುಗೆಯಕ್ಕ. ಪುಸ್ತಕದಲ್ಲಿ ಅದೇ ಬ್ರೆಡ್ಡು, ಅದೇ ಆಲೂಗಡ್ಡೆ. ಹಾಗಾದರೆ ಈ ಹತ್ತು ದಿನದಲ್ಲಿ ಏನು ನಡೆಯಿತು, ಒಂದೊಂದಾಗಿ ಹೇಳಿ ಎಂದು ಅವಳು ಪಟ್ಟು ಹಿಡಿದಾಗ, ನಾಲಿಗೆ ಸುಟ್ಟದ್ದು, ರುಚಿ ನೋಡಲಾಗದ್ದು ಹೊರಗೆ ಬಂತು.

"ರುಚಿ ನೋಡೋದು ಅಂದರೆ?"

ಅಡುಗೆಯಕ್ಕ ಅಂಗೈ ಗುಳಿ ಮಾಡಿ ತೋರಿಸಿದಳು. ಸೌಟಿನಿಂದ ಇದಕ್ಕೆ ಬಿಟ್ಟುಕೊಂಡು ನೆಕ್ಕುವುದು. ಅವಳಿಗೆ ಕೆಲಸ ಕಲಿಸಿದ ಹಳೆಯ ಬಾಣಸಿಗ ಹಾಕಿಕೊಟ್ಟ ಪದ್ಧತಿ. ಅಡುಗೆಯವರು ಎಲ್ಲರಿಗಿಂತ ಕೊನೆಗೆ ಉಣ್ಣಬೇಕು, ರುಚಿ ನೋಡಿದ್ದು ಕೆಲಸದ ಬಾಬ್ತು, ಅದನ್ನು ಉಂಡದ್ದೆಂದು ಯಾರೂ ಎತ್ತಿ ಆಡಕೂಡದು ಎಂದು ಅವನು ಮೊದಲ ದಿನವೇ ಹೇಳಿದ್ದ. ನೆಲ ಒರೆಸಿದ್ದನ್ನು ಯಾರಾದರೂ ಊಟದ ಪುಸ್ತಕದಲ್ಲಿ ಬರೆಯುತ್ತಾರೆಯೇ? ಇದೂ ಹಾಗೆಯೇ ಎಂದು ಅವಳು ನಂಬಿದ್ದಳು.

ಹುಡುಗಿ ಎದ್ದು ಲೋಟದಲ್ಲಿ ನೀರು ತಂದಳು. ಆ ಅಂಗೈ ತುಂಬುವಷ್ಟು ಹಾಕಿ, ಅದನ್ನು ಬಟ್ಟಲಿಗೆ ಬಗ್ಗಿಸಿ ತೂಗಿದಳು. ಎಷ್ಟು ಪಾತ್ರೆ? ನಾಲ್ಕು. ಒಂದೊಂದನ್ನು ಎಷ್ಟು ಸಲ? ಒಗ್ಗರಣೆಗೆ, ಉಪ್ಪಿಗೆ, ಬೆಂದಾಗ, ಇಳಿಸುವಾಗ, ನಾಲ್ಕು. ಎರಡು ಪಾಳಿ. ಮೂವತ್ತೆರಡು ಅಂಗೈ, ಎಣ್ಣೆ ತೇಲುವ ರಸ. ಹುಡುಗಿ ಗುಣಿಸಿ ಕಾಗದವನ್ನು ಅವಳ ಕಡೆಗೆ ತಿರುಗಿಸಿದಳು. ಆರುನೂರ ನಲವತ್ತು ಕ್ಯಾಲೊರಿ.

"ಅಮ್ಮಾ, ನೀವು ಸುಳ್ಳು ಬರೆದಿಲ್ಲ. ಅರ್ಧ ದಿನದ ಊಟವನ್ನೇ ಬರೆದಿಲ್ಲ," ಎಂದಳು.

ಅಡುಗೆಯಕ್ಕ ಒದ್ದೆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಐದು ತಿಂಗಳು ಅವಳು ಹಸಿದದ್ದು ನಿಜ. ಕೈ ನಡುಗಿದ್ದು, ಕಣ್ಣು ಕತ್ತಲೆ ಬಂದದ್ದು, ತಮ್ಮನ ಹೆಂಡತಿಯ ನೋಟ ನುಂಗಿಕೊಂಡದ್ದು ಎಲ್ಲ ನಿಜ. ಅಷ್ಟೂ ವ್ಯರ್ಥ. ಹೊಟ್ಟೆ ತುಂಬುವಷ್ಟು ಸಿಗಲಿಲ್ಲ, ಮೈ ಇಳಿಯುವಷ್ಟು ಕಡಿಮೆಯೂ ಆಗಲಿಲ್ಲ.

ಮರುದಿನದಿಂದ ಅವಳು ರುಚಿ ನೋಡಿ ಉಗುಳಲು ಕಲಿತಳು. ಒಲೆಯ ಕೆಳಗೆ ಒಂದು ಬೋಗುಣಿ ಇಟ್ಟುಕೊಂಡಳು. ಅನ್ನ ಬೇಯುವ ಕಡೆ ಉಗುಳುವುದೇ ಎಂದು ತರಕಾರಿಯ ಹೆಂಗಸು ಮೂಗು ಮುರಿದಳು, ಮೂರು ದಿನ ಮಾತು ಬಿಟ್ಟಳು. ಬಾಯಿಗೆ ಬಂದದ್ದನ್ನು ನುಂಗದೆ ಹೊರಗೆ ಹಾಕುವುದು ತುತ್ತು ಬಿಡುವುದಕ್ಕಿಂತ ಕಷ್ಟ. ಗಂಟಲು ತಾನಾಗಿಯೇ ನುಂಗಲು ಮುಂದಾಗುತ್ತಿತ್ತು. ಆದರೂ ಈಗ ಮುಳ್ಳು ಇಳಿಯಿತು. ತಿಂಗಳಿಗೆ ಎರಡೂವರೆ ಕಿಲೋದಂತೆ ಇಳಿಯುತ್ತಲೇ ಹೋಯಿತು.

ಏಳನೆಯ ತಿಂಗಳಲ್ಲಿ ತಮ್ಮನಿಗೆ ಜ್ವರ ಬಂತು. ರಕ್ತ ತೊಳೆಯುವ ನಳಿಗೆಯ ದಾರಿಯಲ್ಲಿ ನಂಜು ಹೊಕ್ಕಿತ್ತು. ಜ್ವರ ಬಿಟ್ಟಿತು, ಆದರೆ ನಂಜು ಎದೆಯನ್ನು ಮುಟ್ಟಿ ಹೋಗಿತ್ತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಅಂಗಡಿಯಲ್ಲಿ ಕೂತರೂ ಬೀಗದ ಕೈ ತೂತಿಗೆ ಹೋಗದಷ್ಟು ಕೈ ನಡುಕ.

ಒಂಬತ್ತನೆಯ ತಿಂಗಳು ಮುಗಿಯುವ ಮೊದಲು ಅಡುಗೆಯಕ್ಕ ತಕ್ಕಡಿ ಹತ್ತಿದಳು. ಎಪ್ಪತ್ತೊಂಬತ್ತು ಮುಕ್ಕಾಲು. ಪಥ್ಯದ ಹುಡುಗಿ ಬರೆದುಕೊಂಡಳು, ತಲೆ ಎತ್ತಲಿಲ್ಲ. ಡಾಕ್ಟರರು ಅವಳನ್ನು ಕೂರಿಸಿ, ನೀವು ಈಗ ಕೊಡಬಹುದು, ಆದರೆ ಅವರ ಹೃದಯ ಇನ್ನು ಆಪರೇಷನ್ ತಡೆಯುವುದಿಲ್ಲ ಎಂದು ಹೇಳಿದರು. ಮೂರು ತಿಂಗಳ ಹಿಂದೆ ಆಗಿದ್ದರೆ ತಡೆಯುತ್ತಿತ್ತೇ ಎಂದು ಅವಳು ಕೇಳಿದಳು. ಆಗ ತಡೆಯುತ್ತಿತ್ತು ಎಂದರು. ಸುತ್ತಿ ಬಳಸಿ ಹೇಳುವ ಡಾಕ್ಟರಲ್ಲ.

ಅವಳು ಅಲ್ಲಿಂದ ಎದ್ದು ತಮ್ಮನ ಕುರ್ಚಿಯ ಹತ್ತಿರ ಹೋದಳು. ಅವನಿಗೆ ಆಗಲೇ ಗೊತ್ತಿತ್ತು. ತೋಳಿಗೆ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದ. ಅಂಗೈಯ ಸಂಗತಿಯನ್ನು ಅವನಿಗೆ ಅವಳು ಹೇಳಿರಲಿಲ್ಲ. ಈಗ ಎಲ್ಲವನ್ನೂ ಹೇಳಿದಳು, ತಪ್ಪು ತನ್ನದೇ ಎಂದೂ ಹೇಳಿದಳು. ಅವನು ಯಂತ್ರದ ಕಡೆಯಿಂದ ಅವಳತ್ತ ತಿರುಗಿದ.

"ನಾಳೆ ಬರುವಾಗ ನಿನ್ನ ಕೈಯ ತರಕಾರಿ ರಸ ತಾರಕ್ಕ. ಉಪ್ಪು ಹಾಕಿದ್ದು. ಒಂದು ಅಂಗೈಯಷ್ಟು ಸಾಕು. ರುಚಿ ನೋಡಿದರೆ ಉಂಡ ಹಾಗಾಗುತ್ತಾ?"

ಉಪ್ಪು ಅವನಿಗೆ ನಿಷಿದ್ಧವಾಗಿ ಎರಡು ವರ್ಷವಾಗಿತ್ತು. ಅಡುಗೆಯಕ್ಕ ಅವನ ಊದಿದ ಪಾದಗಳನ್ನು ನೋಡಿದಳು.

"ಆಗುತ್ತೆ ಕಣೋ," ಎಂದಳು.

ಅವನು ಮುಖ ಆಚೆ ತಿರುಗಿಸಿದ. ಅವಳು ತರಲಿಲ್ಲ. ಐದು ವಾರದ ಮೇಲೆ ಅವನು ತೀರಿಕೊಂಡ. ಒಂದು ಅಂಗೈ ರಸ ಕೊಟ್ಟಿದ್ದರೆ ಅದು ನಾಲ್ಕು ವಾರವಾಗುತ್ತಿತ್ತೋ, ಐದೇ ಆಗುತ್ತಿತ್ತೋ, ಯಾರೂ ಅವಳಿಗೆ ಹೇಳಲಾರರು. ಅವಳು ಯಾರನ್ನೂ ಕೇಳಲೂ ಇಲ್ಲ.

ಕ್ಯಾಂಟೀನಿಗೆ ಹನ್ನೆರಡನೆಯ ದಿನ ಹೋದಳು. ಇನ್ನು ಇಳಿಯಬೇಕಾದ ತೂಕ ಯಾವುದೂ ಇರಲಿಲ್ಲ. ನಾಲ್ಕು ಪಾತ್ರೆ ಒಲೆಯ ಮೇಲಿದ್ದವು. ತರಕಾರಿಯ ಹೆಂಗಸು ಬೋಗುಣಿಯನ್ನು ತೊಳೆದು ಮೂಲೆಗೆ ಸೇರಿಸಿದ್ದಳು, ಇನ್ನು ಬೇಡವೆಂದು. ಅಡುಗೆಯಕ್ಕ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ನುಂಗಲು ನೋಡಿದಳು, ಗಂಟಲು ಒಪ್ಪಲಿಲ್ಲ. ಬಗ್ಗಿ ಬೋಗುಣಿಯನ್ನು ಎಳೆದುಕೊಂಡು ಉಗುಳಿ, ಉಪ್ಪು ಸರಿಯಿದೆ ಎಂದಳು.