ವಿಶಾಲಾಕ್ಷಿ ಮೇಡಂ ಹೆಬ್ಬೆರಳು

ವಿಶಾಲಾಕ್ಷಿ ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಹಸಿರು. ಬಣ್ಣ ಹಚ್ಚಿದ್ದಲ್ಲ, ಸೇವಂತಿಗೆ ಕುಡಿಯ ರಸ. ತೋಟಗಾರಿಕೆ ಕಾಲೇಜಿನ ಪಾಲಿಹೌಸಿನಲ್ಲಿ ಗಿಡಗಳ ಸಾಲಿನ ನಡುವೆ ನಡೆಯುತ್ತಾ, ನಮ್ಮ ಜತೆ ಮಾತಾಡುತ್ತಲೇ, ತುದಿಗಳನ್ನು ಚಟ್ ಅಂತ ಚಿವುಟಿ ಬಿಸಾಕುತ್ತಿದ್ದರು. "ತುದಿ ಹೋದ್ರೇನೇ ಕವಲೊಡೆಯೋದು ಕಣ್ರೇ. ನಿಮಗೂ ಅಷ್ಟೇ" ಅನ್ನೋರು. ನಾವು ಎಂ.ಎಸ್ಸಿ. ಹುಡುಗಿಯರು ಹಲ್ಲು ಕಿರಿಯುತ್ತಿದ್ದೆವು. ಗೈಡ್ ಜೋಕು ಮಾಡಿದಾಗ ನಗದೆ ಇರೋಕಾಗುತ್ತಾ?

ಪಾಠ ಮಾತ್ರ, ಸುಳ್ಳು ಯಾಕೆ ಹೇಳ್ಲಿ, ಅವರ ಹಾಗೆ ಮಾಡೋರನ್ನ ನಾನು ಇವತ್ತಿಗೂ ಕಂಡಿಲ್ಲ. ಬಾಡಿದ ಎಲೆಯೊಂದನ್ನು ಹಿಡಿದು ಬೇರಿನ ಕಥೆ ಹೇಳುತ್ತಿದ್ದರು. ಅದಕ್ಕೇ ಅವರ ಹತ್ತಿರ ಸೇರಿದ್ದು. ಸೇರಿದ ಮೇಲೆ ಗೊತ್ತಾಯಿತು, ಅವರ ಜೆ.ಪಿ. ನಗರದ ಮನೆಯ ತಾರಸಿ ತೋಟವೂ ನಮ್ಮ ಸಿಲಬಸ್ಸಿನಲ್ಲೇ ಇದೆ ಅಂತ. ಕುಂಡ ಹೊರು, ಗೊಬ್ಬರ ಕಲಸು, ಅವರು ಊರಿಗೆ ಹೋದರೆ ನೀರು ಹಾಕು.

ನನಗೆ ಅಪ್ಪ ಇಲ್ಲ. ಅಮ್ಮ ಇಟ್ಟಮಡುವಿನಿಂದ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಫೆಲೋಶಿಪ್ ಬಂದರೆ ಓದು, ಇಲ್ಲದಿದ್ದರೆ ಇಲ್ಲ. ಅದು ಮುಂದುವರಿಯಬೇಕಾದರೆ ಆ ಸೆಮಿಸ್ಟರಿನ ಒಂದು ಕೋರ್ಸೂ ಬಾಕಿ ಉಳಿಯಬಾರದು. ನನಗೆ ಉಳಿದಿದ್ದು ಸೆಮಿನಾರ್ ಒಂದೇ. ನಮ್ಮ ವಿಭಾಗದವರ ಮುಂದೆ ನಿಂತು ಒಂದು ವಿಷಯ ಮಂಡಿಸಬೇಕು, ಅಷ್ಟೇ. ಅವತ್ತು ಬೆಳಿಗ್ಗೆ ಮೇಡಂ ಫೋನು. "ಮನೇಗೆ ಕೆಂಪು ಮಣ್ಣಿನ ಲೋಡ್ ಬರುತ್ತೆ, ಇಳಿಸ್ಕೊಂಡು ಬಾ. ಸೆಮಿನಾರ್ ನಾನು ನೋಡ್ಕೋತೀನಿ."

ಲಾರಿ ಬಂದಿದ್ದು ಮಧ್ಯಾಹ್ನ. ಮಣ್ಣು ಮೆತ್ತಿದ ಚೂಡಿದಾರದಲ್ಲೇ ಕಾಲೇಜಿಗೆ ಓಡಿ ಬಂದರೆ ಸೆಮಿನಾರ್ ಹಾಲ್‌ನಲ್ಲಿ ಕುರ್ಚಿ ಮಡಚುತ್ತಿದ್ದರು. ನನ್ನ ಹೆಸರಿನ ಮುಂದೆ ಆಬ್ಸೆಂಟ್. ಹಾಕಿದ್ದು ಮೇಡಮ್ಮೇ.

"ಮೇಡಂ, ನೀವೇ ಕಳಿಸಿದ್ರಲ್ಲ?"

"ಹೌದು, ಕಳಿಸ್ದೆ. ನಾನು ಕಳಿಸಿದ್ರೆ ಹೋಗ್ಬಿಡೋದಾ? ಆಗಲ್ಲ ಅನ್ನೋದನ್ನ ಕಲೀಬೇಕಮ್ಮ ನೀನು" ಅಂದರು, ನಗುತ್ತಾ. ಆಮೇಲೆ, "ಮಣ್ಣಿಗೆ ಟಾರ್ಪಾಲ್ ಹೊದಿಸಿದ್ಯಾ?"

ಫೆಲೋಶಿಪ್ ಹೋಯಿತು. ಅದರ ಹಿಂದೆಯೇ ಓದೂ ಹೋಯಿತು. ಅಮ್ಮ ಮಾರನೇ ದಿನವೂ ಎಂದಿನಂತೆ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸಿಗೆ ಹೊರಟಳು, ನನ್ನ ಹೊಟ್ಟೆ ಉರಿಸಿದ್ದು ಅದೇ.

ಈಗ ಕೋಣನಕುಂಟೆ ಹತ್ತಿರ ನನ್ನದೇ ಒಂದು ನರ್ಸರಿ ಇದೆ. ಹೋದ ವರ್ಷ ಮೇಡಂ ಬಂದಿದ್ದರು, ರಿಟೈರ್ ಆಗಿ ಸೊರಗಿದ್ದರು. ಗಿಡಗಳನ್ನೆಲ್ಲ ನೋಡಿ ಕಣ್ಣರಳಿಸಿ, "ನೋಡ್ದ್ಯಾ? ಅವತ್ತು ನಾನು ಚಿವುಟಿದ್ದಕ್ಕೇ ನೀನು ಹೀಗೆ ಕವಲೊಡೆದೆ" ಅಂದರು. ನಿಜವಾಗಿಯೂ ಸಂತೋಷಪಟ್ಟರು, ಪುಣ್ಯಾತ್ಗಿತ್ತಿ! ಕೇಳಿದ ಗಿಡಗಳನ್ನೆಲ್ಲ ಬಿಟ್ಟಿಯಾಗಿ ಆಟೋಗೆ ಇಡಿಸಿದೆ. ಆಗಲ್ಲ ಅನ್ನೋದನ್ನ ನಾನಿನ್ನೂ ಕಲಿತಿರಲಿಲ್ಲ.

ಕಳೆದ ತಿಂಗಳು ಕಾಲೇಜಿನ ನಮ್ಮ ವಿಭಾಗದ ಹುಡುಗಿಯೊಬ್ಬಳ ಫೋನು. "ಅಕ್ಕಾ, ವಿಶಾಲಾಕ್ಷಿ ಮೇಡಂ ಹೋಗ್ಬಿಟ್ರು. ಭಾನುವಾರ ಶ್ರದ್ಧಾಂಜಲಿ ಸಭೆ. ಫೋಟೋ ಸುತ್ತ ಇಡೋಕೆ ಸೇವಂತಿಗೆ ಕುಂಡ ಬೇಕು, ಅವತ್ತಿಗೆ ಅರಳೋ ಅಂಥದ್ದು."

"ಆಯ್ತಮ್ಮ, ಕಳಿಸ್ತೀನಿ" ಅಂದೆ. ಒಳ್ಳೇ ಮೊಗ್ಗಿನ ಕುಂಡಗಳನ್ನೇ ಆರಿಸಿದೆ. ಗಾಡಿಗೆ ಹೇರುವ ಮುಂಚೆ ಒಬ್ಬಳೇ ಕೂತು ಒಂದೊಂದೇ ಮೊಗ್ಗು ಚಿವುಟಿದೆ, ಒಂದನ್ನೂ ಬಿಡಲಿಲ್ಲ. ಅಳು ಬಂತು, ಆದರೂ ಕೈ ನಿಲ್ಲಲಿಲ್ಲ. ಭಾನುವಾರ ಮಧ್ಯಾಹ್ನ ಅನ್ನ ಕಲಸುವಾಗ ನೋಡಿದರೆ, ನನ್ನ ಹೆಬ್ಬೆರಳಿನ ಉಗುರು ಇನ್ನೂ ಹಸಿರಾಗೇ ಇತ್ತು.