ಎಂಟಕ್ಕೆ ಇಳಿಸಿದ ನೀರು

ಕಲಕುವ ತೊಟ್ಟಿಯ ಮೋಟಾರು ಮೊದಲು ಗುರುಗುಟ್ಟುತ್ತದೆ, ಆಮೇಲೆ ಹದಕ್ಕೆ ಬಂದು ಸಣ್ಣಗೆ ಗುನುಗುತ್ತದೆ. ಆ ಗುನುಗು ಕಿವಿಗೆ ಬೀಳುವವರೆಗೆ ಘನಮೂಲ ಬೆಳಗಿನ ಟೀ ಮುಟ್ಟುವುದಿಲ್ಲ.

ಘನಮೂಲ ಎನ್ನುವುದು ಜೊತೆಗಾರರು ಇಟ್ಟ ಹೆಸರು. ನಲ್ಲಿಗಳಿಗೆ, ಬಾಗಿಲ ಹಿಡಿಗಳಿಗೆ ನಿಕ್ಕಲ್ ಲೇಪ ಹಾಕುವ ಆ ಕಾರ್ಖಾನೆಗೆ ಅವನು ಸೇರಿದ್ದು ಲ್ಯಾಬಿನ ಗಾಜಿನ ಸಾಮಾನು ತೊಳೆಯಲು. ತೊಳೆಯುತ್ತಲೇ ಹಳೆಯ ಕೆಮಿಸ್ಟ್ ಬಿಟ್ಟುಹೋದ ಹರಕು ಪುಸ್ತಕ ಓದಿದ, ಲಾಗರಿದಂ ಕಲಿತ. ಹತ್ತು ವರ್ಷ ಕಳೆಯುವಷ್ಟರಲ್ಲಿ ಹೊಲಸು ನೀರಿನ ಇಡೀ ವಿಭಾಗ ಅವನ ಕೈಗೆ ಬಂತು. ನೀರಿಗೆ ಸುಣ್ಣ ಬಿದ್ದರೆ ನಿಕ್ಕಲ್ ಹಸಿರು ಕೆಸರಾಗಿ ತಳಕ್ಕೆ ಕೂರುತ್ತದೆ, ಮೇಲಿನದು ಹೊರಗೆ ಹೋಗುತ್ತದೆ. ಎಷ್ಟು ಲೋಹ ಕರಗಿ ಉಳಿಯುತ್ತದೆ ಎಂದು ಅವನು ಲೆಕ್ಕ ಕಟ್ಟಿದ್ದ: ಲೀಟರಿಗೆ ಒಂದು ಮಿಲಿಗ್ರಾಮಿನ ಮೂರನೇ ಒಂದು ಪಾಲೂ ಇಲ್ಲ. ಯಾರು ಕೇಳಿದರೂ, ಕೇಳದಿದ್ದರೂ, "ಪುಸ್ತಕದ ಅಂಕಿಯನ್ನ ನಾಲ್ಕರಿಂದ ಭಾಗಿಸಿ ಘನಮೂಲ ತೆಗೀಬೇಕು" ಎನ್ನುತ್ತಿದ್ದ. ಹೆಸರು ಅಂಟಿಕೊಂಡಿತು.

ಆ ನೀರು ಪೈಪಿನಲ್ಲಿ ಹೋಗುತ್ತಿದ್ದುದು ಗೋಡೆಯಾಚೆ, ಅವನ ಅಕ್ಕನ ಬಟ್ಟೆ ಒಗೆಯುವ ಶೆಡ್ಡಿಗೆ. ಲಾಡ್ಜುಗಳ ಚಾದರ ಒಗೆದೇ ಅವಳು ತಮ್ಮನನ್ನು ಬೆಳೆಸಿದ್ದು. ಹನ್ನೊಂದು ವರ್ಷದ ಹಿಂದೆ ಒಂದು ದಿನ, "ನಿನ್ನ ನೀರಿನ ಸುಣ್ಣ ಕೈ ಸುಡುತ್ತಪ್ಪಾ" ಅಂದಿದ್ದಳು. ಸುಣ್ಣ ಹೆಚ್ಚಿದಷ್ಟೂ ಏರುವ ನೀರಿನ ಪಿಎಚ್ ಆಗ ಹತ್ತು ಇತ್ತು. ಅವನು ಪುಸ್ತಕ ತೆರೆದು ನೋಡಿದ. ಅವನ ಸೂತ್ರದಲ್ಲಿ ಪಿಎಚ್‌ಗೆ ಜಾಗವೇ ಇರಲಿಲ್ಲ; ಅದನ್ನು ಇಳಿಸಿದರೂ ಕರಗುವ ಲೋಹ ಅಷ್ಟೇ ಎಂದುಕೊಂಡ. ಮಾರನೆಯ ದಿನವೇ ಸುಣ್ಣ ಕಡಿಮೆ ಮಾಡಿ ಎಂಟಕ್ಕೆ ಇಳಿಸಿದ. ಅಕ್ಕನಿಗೆ ಅವನು ಕೊಟ್ಟ ಒಂದೇ ಒಂದು ಉಡುಗೊರೆ ಅದು.

ಆಮೇಲೆ ಉರಿ ನಿಂತಿತು, ನವೆ ಶುರುವಾಯಿತು. "ಸೋಪು ಬದಲಾಯಿಸು," ಎಂದು ಇವನು ಹೇಳುತ್ತಲೇ ಬಂದ.

ಈ ಸೋಮವಾರ ಹೊಸದಾಗಿ ಬಂದ ಕೆಮಿಸ್ಟ್ ಮೇಡಂ, ಲೋಹ ಅಳೆಯುವ ಯಂತ್ರದ ಮುಂದೆ ಅವನನ್ನು ಕರೆದಳು.

"ಅಣ್ಣಾ, ಇದು ನಿಮ್ಮ ಹೊರಗಡೆ ಹೋಗೋ ನೀರೇ ತಾನೆ?"

"ಕನ್ನಡಿ ಥರ ಇದೆಯಲ್ಲ ಮೇಡಂ, ಇನ್ಯಾರದು ಇರುತ್ತೆ?"

"ಲೀಟರಿಗೆ ಮೂವತ್ತೊಂದು ಮಿಲಿಗ್ರಾಂ ನಿಕ್ಕಲ್ ತೋರಿಸ್ತಿದೆ."

"ಯಂತ್ರ ಹೊಸದು. ಅದಕ್ಕೂ ನಮ್ಮೆಲ್ಲರ ಪರಿಚಯ ಆಗ್ಬೇಕು."

ಅವಳು ನಗಲಿಲ್ಲ. "ಮೂರು ಸಲ ನೋಡ್ದೆ. ನಿಮ್ಮ ಲೆಕ್ಕ ಹೇಳಿ."

ಅವನು ಹೇಳಿದ: ಕೆಸರಿನಿಂದ ನಿಕ್ಕಲ್ ಒಂದು ಕರಗಿದರೆ ಹೈಡ್ರಾಕ್ಸೈಡ್ ಎರಡು ಬಿಡುಗಡೆಯಾಗುತ್ತದೆ, ಅದಕ್ಕೇ ನಾಲ್ಕರ ಭಾಗ, ಅದಕ್ಕೇ ಘನಮೂಲ.

"ಅದು ಬರೀ ನೀರಲ್ಲಿ ಅಣ್ಣಾ. ಲೇಪದ ತೊಟ್ಟಿಯಿಂದ ಬೋರಿಕ್ ಆಸಿಡ್ ಬರುತ್ತಲ್ಲ, ಅದು ಬಫರ್. ಪಿಎಚ್ ಎಂಟರಲ್ಲೇ ಹಿಡಿದು ಕೂತಿರುತ್ತೆ. ಹೈಡ್ರಾಕ್ಸೈಡ್ ಎಷ್ಟಿರಬೇಕು ಅಂತ ಅದು ಆಗಲೇ ತೀರ್ಮಾನ ಮಾಡಿಬಿಟ್ಟಿದೆ. ಕರಗೋ ನಿಕ್ಕಲ್ ಮಾತು ಅಲ್ಲಿ ನಡೆಯಲ್ಲ."

ಪೆನ್ನು ಕೈಗೆತ್ತಿಕೊಂಡ. ಘನಮೂಲ ಬೇಕಾಗಲೇ ಇಲ್ಲ. ಪುಸ್ತಕದ ಅದೇ ಅಂಕಿಗೆ, ಪಿಎಚ್ ಎಂಟಕ್ಕೆ ಸಲ್ಲುವ ಹೈಡ್ರಾಕ್ಸೈಡಿನ ವರ್ಗದಿಂದ ಒಂದೇ ಭಾಗಾಕಾರ, ಶಾಲೆಯ ಮಕ್ಕಳು ಮಾಡುವಂಥದು. ಮೂವತ್ತೆರಡು ಮಿಲಿಗ್ರಾಮು. ತನ್ನ ಅಂಕಿಯ ನೂರು ಪಟ್ಟು. ಕೆಳಗೆ ಹತ್ತು ಎಂದು ಬರೆದು ಮತ್ತೆ ಮಾಡಿದ. ಲೋಹ ಹೆಚ್ಚುಕಡಿಮೆ ಸೊನ್ನೆಯಾಯಿತು.

ಕೈ ಹಾಳೆಯ ಮೇಲೆಯೇ ಉಳಿಯಿತು.

"ಮೇಡಂ, ನಿಕ್ಕಲ್ಲಿಗೆ ಕೈ... ಚರ್ಮ..."

"ದಿನಾ ಅದರಲ್ಲೇ ಕೈ ಆಡಿಸಿದ್ರೆ ಕೆಲವರಿಗೆ ನವೆ, ಗುಳ್ಳೆ ಬರುತ್ತೆ. ಯಾಕೆ?"

ಶೆಡ್ಡಿನಲ್ಲಿ ಅಕ್ಕ ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಹನ್ನೊಂದು ವರ್ಷದಿಂದ ದಿನವೂ ನೋಡುತ್ತಿದ್ದ ಕೈಗಳು: ಬೆರಳ ಸಂದಿಗಳಲ್ಲಿ ಬಿರಿದ ಚರ್ಮ, ಮಣಿಕಟ್ಟಿನಲ್ಲಿ ಒಡೆದ ಗುಳ್ಳೆಗಳು.

"ಏನೋ ಈ ಹೊತ್ತಲ್ಲಿ? ಕೆಲಸದಿಂದ ಓಡಿಸಿದ್ರಾ?"

"ಕೈ ತೆಗಿ ಅಕ್ಕ."

"ಇನ್ನು ನಾಲ್ಕು ಚಾದರ ಇದೆ."

"ಸೋಪಲ್ಲ ಅಕ್ಕ. ನೀರು. ನಾನು ಎಂಟಕ್ಕೆ ಇಳಿಸಿದೆ ನೋಡು, ಅದರಿಂದ. ಲೆಕ್ಕ ತಪ್ಪಿತ್ತು. ಹತ್ತರಲ್ಲೇ ಬಿಟ್ಟಿದ್ರೆ ನಿನಗೆ ಏನೂ ಆಗ್ತಿರ್ಲಿಲ್ಲ."

ಅವಳು ಬಾನಿಯನ್ನು ನೋಡಿದಳು, ತಳದ ತೇಪೆಯೂ ಕಾಣುವಷ್ಟು ತಿಳಿಯಾಗಿದ್ದ ನೀರನ್ನು. ನಿಧಾನವಾಗಿ ಕೈ ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಅಂದ್ರೆ ನಿನ್ನ ಮಾತು ಕೇಳಿ ಏಳು ಥರದ ಸೋಪು ತಂದಿದ್ದು ದಂಡ," ಎಂದಳು. ತಮ್ಮ ನಗಲಿಲ್ಲ. ಅವಳ ದನಿ ಇಳಿಯಿತು. "ನನಗೋಸ್ಕರ ತಾನೆ ಮಾಡಿದ್ದು? ಮುಖ ಯಾಕೆ ಹಾಗೆ ಮಾಡ್ಕೋತೀಯ? ನನಗೇನು ಮದುವೆ ಆಗ್ಬೇಕಾ ಈ ಕೈ ಇಟ್ಕೊಂಡು? ಕೂತ್ಕೋ ಇಲ್ಲಿ. ನೀನು ಚಿಕ್ಕವನಿದ್ದಾಗಲೂ ಹೀಗೇನೆ, ಒಂದು ಸಲ ನನ್ನ ಕಾಲಿಗೆ ಮುಳ್ಳು ಚುಚ್ಚಿದ್ದಕ್ಕೆ ನೀನು..."

ಅವನು ಆಗಲೇ ಗೋಡೆಯತ್ತ, ಪೈಪಿನ ವಾಲ್ವ್ ಇದ್ದ ಕಡೆಗೆ ನಡೆಯುತ್ತಿದ್ದ.