ಕುರ್ಚಿಯ ಅವಮಾನಕ್ಕೆ ಇಳಿದ ಚೇರ್ಮನ್ನರು

ಮಂಡ್ಯ ಆಗಿನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. ಚಿಕ್ಕರಸಿನಕೆರೆಯ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಮೇಷ್ಟ್ರಾಗಿದ್ದೆ. ಓದುಬರಹ ಬಲ್ಲವನೆಂದು ಪಂಚಾಯ್ತಿಯ ಕಾರ್ಯದರ್ಶಿ ಕೆಲಸವೂ ನನ್ನ ತಲೆಗೇ ಬಿದ್ದಿತ್ತು.

ಊರಿಗೆಲ್ಲ ಆಗಲೆಂದು ಪಂಚಾಯ್ತಿಯಿಂದ ತೋಡಿಸಿದ ಬಾವಿಗೆ ಆ ಬೇಸಿಗೆಯಲ್ಲಿ ಚೇರ್ಮನ್ನರು ಕಳ್ಳಿಬೇಲಿ ಹಾಕಿಸಿ, ಅದನ್ನು ತಮ್ಮ ಹಿತ್ತಲಿಗೆ ಸೇರಿಸಿಕೊಂಡರು. ಹೆಂಗಸರು ಎಮ್ಮೆ ತೊಳೆಯುವ ನಾಲೆಯ ನೀರನ್ನೇ ಹೊತ್ತು ತರುವಂತಾಯಿತು.

ಒಂದು ಸಂಜೆ ಪಂಚಾಯ್ತಿಯ ಹಿರಿಯ ಸದಸ್ಯರಾದ ಗೌಡರು ನನ್ನಲ್ಲಿಗೆ ಬಂದರು. “ಮೇಷ್ಟ್ರೆ, ಅವನ್ನ ಕೆಳಗಿಳಿಸ್ಬೇಕು. ದಾರಿ ಏನು ನೋಡಿ ಯೋಳಿ.”

ಬಾವಿ ಮತ್ತೆ ಊರಿಗೆ ಸಿಕ್ಕೀತೆಂದು ನನಗೆ ಹಿಗ್ಗಾಯಿತು. ಮದ್ದೂರಿಗೆ ಹೋಗಿ ಕಾನೂನು ಪುಸ್ತಕ ಓದಿ ಬಂದು ವಿವರಿಸಿದೆ. ತಪ್ಪೇನೆಂದು ಬರೆದು ಕೊಡಬೇಕು, ನೋಟೀಸು ಕಳಿಸಿ ಸಭೆ ಕರೆಯಬೇಕು. ಆ ಸಭೆಯನ್ನು ಚೇರ್ಮನ್ನರೇ ನಡೆಸುವಂತಿಲ್ಲ. ಅವರ ಉತ್ತರ ಕೇಳದೆ ಮತಕ್ಕೆ ಕೈ ಎತ್ತಿಸುವಂತೆಯೂ ಇಲ್ಲ.

“ನಮಗಾಗದವರು ಅಂತ ಇಳಿಸೋದಕ್ಕಲ್ಲ ಗೌಡರೆ ಇದು ಇರೋದು. ಊರು ಕೊಟ್ಟ ಅಧಿಕಾರಾನ ಸ್ವಂತಕ್ಕೆ ಬಳಸಿಕೊಂಡರೆ ಇಳಿಸಬೇಕು. ಬಾವಿ ಒಂದೇ ಸಾಕು,” ಎಂದೆ.

“ಬಾವಿ ಮಾತು ಬುಡಿ. ಅಮಲ್ದಾರ್ರು ಬಂದಾಗ ನಂಗೆ ಕುರ್ಚಿ ಆಕ್ಸದೆ ಚಾಪೆ ಮ್ಯಾಲೆ ಕೂರ್ಸುದ್ನಲ್ಲ, ಅದ ಬರೀರಿ.”

“ಬಾವಿ ಯಾಕೆ ಬೇಡ?”

“ನಾಳೆ ಆ ಜಾಗದಲ್ಲಿ ಕೂರೋನು ನಾನು ಕಣ್ರೀ. ಬೇಲಿ ಕಿತ್ರೆ ಕೆಳಗಿನ ಕೇರಿಯೋರೂ ಬಿಂದ್ಗೆ ತತ್ತಾರೆ. ನೀವು ಬಂದು ತಡೀತೀರಾ?”

ನನಗೆ ಹೇಸಿಗೆಯಾಯಿತು. ಆದರೂ ಅವರು ಹೇಳಿದಂತೆಯೇ ಬರೆದೆ. ನಾನಿದ್ದ ಮನೆ ಅವರದಾಗಿತ್ತು.

ಸಭೆ ಶಾಲೆಯ ಪಡಸಾಲೆಯಲ್ಲಿ ಸೇರಿತು. ಕುರ್ಚಿಯ ಅವಮಾನವನ್ನು ಗಟ್ಟಿಯಾಗಿ ಓದಿದೆ. ಚೇರ್ಮನ್ನರು ನಗುತ್ತಲೇ ಉತ್ತರ ಕೊಟ್ಟರು: “ಊರ್ಗಿರದೇ ಎಲ್ಡು ಕುರ್ಚಿ. ನಾನೇನ್ ಮಾಡ್ಲಿ?”

ಬಾಗಿಲಾಚೆ ಕೆಳಗಿನ ಕೇರಿಯ ಸೂಲಗಿತ್ತಿ ನಿಂತಿದ್ದಳು. ಒಳಗೆ ಕೂತವರ ಮಕ್ಕಳನ್ನೆಲ್ಲ ಮೊದಲು ಎತ್ತಿಕೊಂಡ ಕೈ ಅವಳದು.

“ಬಾವಿ ಇಚಾರ ಓದ್ಲೇ ಇಲ್ವಲ್ಲ ಸಾಮಿ?” ಎಂದು ನನ್ನನ್ನೇ ಕೇಳಿದಳು.

“ಓಗಮ್ಮಿ, ಇದು ಕಾನೂನು,” ಎಂದು ಗೌಡರು ಗದರಿದರು. ಕೆಳಗಿಳಿಯಲಿದ್ದ ಚೇರ್ಮನ್ನರೂ ಅವರ ಜೊತೆ ಸೇರಿ ನಕ್ಕರು. ಅವಳ ಮುಖ ನೋಡಲಾಗದೆ ನಾನು, ಸದಸ್ಯರು ಎತ್ತಿದ ಕೈಗಳನ್ನು ಎಣಿಸಿದೆ.

ಗೊತ್ತುವಳಿ ಪಾಸಾಯಿತು. ನಿಯಮದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಇಳಿದವರೂ ಏರಿದವರೂ ಒಂದೇ ತಟ್ಟೆಯಿಂದ ಎಲೆ ಅಡಿಕೆ ತೆಗೆದುಕೊಂಡರು. ಆ ವಾರವೇ ಗೌಡರು ಬೇಲಿಗೊಂದು ತಡಿಕೆ ಬಾಗಿಲು ಇಡಿಸಿದರು. ಅಂದಿನಿಂದ ಇಬ್ಬರ ಮನೆಗೂ ನೀರು ಹೋಯಿತು, ಮೂರನೆಯ ಮನೆಗಿಲ್ಲ. ಕಳ್ಳತನ ಹಂಚಿಕೊಳ್ಳಲು ನಾನು ದಾರಿ ತೋರಿಸಿದಂತಾಯಿತು.

ಕಾರ್ಯದರ್ಶಿ ಕೆಲಸ ಬಿಟ್ಟೆ. ಬಾವಿಯ ವಿಷಯ ಬರೆದು ಮೇಲಕ್ಕೆ ಅರ್ಜಿ ಕಳಿಸಿದೆ. ನಾನಲ್ಲಿ ಇರುವತನಕ ಉತ್ತರ ಬರಲಿಲ್ಲ. ಕಡೆಗೆ ನಾನೇ ಕೇಳಿಕೊಂಡು ಮಳವಳ್ಳಿಗೆ ವರ್ಗವಾಗಿ ಹೋದೆ. ಅಲ್ಲಿಯೂ ಸಭೆಗಳ ನಡವಳಿ ಬರೆಯಲು ಕರೆದರು. ನನ್ನ ಕೈಬರಹ ಯಾರಿಗೂ ಓದಲು ಬರುವುದಿಲ್ಲವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ.